ಸುರಬಾಯದ ಎಂಟು ಗಂಟೆ

ಒಂಬತ್ತೂ ನಲವತ್ತಾಯಿತು, ಅಣ್ಣನ ಸುಳಿವಿಲ್ಲ. ಹತ್ತಕ್ಕೆ ನಿಕಾಹ್.

ರುಸ್ನಾನಿ ಒಳಕೋಣೆಯಲ್ಲಿ ಹಳದಿ ರೇಷ್ಮೆ ಉಟ್ಟು ಕೂತಿದ್ದಳು. ತಲೆ ತುಂಬ ಮಲ್ಲಿಗೆ ಸರ, ಅದರ ಮೇಲೆ ಉಸಿರಾಡಿದರೂ ಥರಗುಟ್ಟುವ ತಗಡಿನ ಹೂಗಳು. ಕತ್ತು ತಿರುಗಿಸುವಂತಿಲ್ಲ, ಎದ್ದು ಓಡಾಡುವಂತಿಲ್ಲ, ನಿಕಾಹ್ ಮುಗಿಯುವ ತನಕ ಮದುಮಗಳು ಹೊರಗೆ ಮುಖ ತೋರಿಸುವಂತೆಯೂ ಇಲ್ಲ. ಈ ಇಲ್ಲಗಳನ್ನೆಲ್ಲ ಅವಳು ವಾರದಿಂದ ಹಲ್ಲು ಕಚ್ಚಿ ಸಹಿಸಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ. ತನ್ನನ್ನು ಮದುವೆ ಮಾಡಿಕೊಡುವ ಕೈ ಅಣ್ಣ ಜರ್ಕಸಿಯದಾಗಿರಬೇಕು.

ಅಪ್ಪ ಇಲ್ಲದ ಹುಡುಗಿಗೆ ಅಣ್ಣನೇ ವಲಿ. ವರನ ಕೈ ಹಿಡಿದು 'ಕೊಟ್ಟಿದ್ದೇನೆ' ಅನ್ನುವ ಹಕ್ಕು ಅವನದು. ಅಪ್ಪ ಚೆಂಪಾಕದ ವಜ್ರದ ಗಣಿಗುಂಡಿ ಕುಸಿದು ಮಣ್ಣಾದವನು. ಅದೇ ಗುಂಡಿಗೆ ಮಗನೂ ಇಳಿಯಲಿ ಎಂದು ಚಿಕ್ಕಪ್ಪ ಹಾಜಿ ಬಾಸಿರುನ್ ಹಟ ಹಿಡಿದಾಗ ಹತ್ತೊಂಬತ್ತರ ಜರ್ಕಸಿ 'ಸತ್ತರೂ ಇಳಿಯೋಲ್ಲ' ಅಂದಿದ್ದ. ಚಿಕ್ಕಪ್ಪ ಅವನ ಬಟ್ಟೆಗಂಟನ್ನು ಬೀದಿಗೆಸೆದು, 'ಈ ಮನೇಲಿ ಗಂಡುಮಗ ಅಂತ ಯಾರೂ ಇಲ್ಲ' ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಹುಡುಗ ಮಾರ್ತಾಪುರ ಬಿಟ್ಟು, ಹಡಗು ಹತ್ತಿ ಜಾವಾದ ಸುರಬಾಯಕ್ಕೆ ಹೋದ, ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ ಹಿಡಿದ. ಅದಾಗಿ ಹನ್ನೆರಡು ವರ್ಷ. ಚಿಕ್ಕಪ್ಪ ಮಾತ್ರ ಎಲ್ಲಿ ಕೂತರೂ 'ನಮ್ಮಣ್ಣನಿಗೆ ಒಬ್ಬಳೇ ಮಗಳು' ಎನ್ನುವುದನ್ನು ಬಿಟ್ಟಿಲ್ಲ. ಇವತ್ತು ಅವನ ಕೈಯಿಂದ ಮದುವೆಯಾದರೆ ಆ ಸುಳ್ಳಿಗೆ ತಾನೇ ಮೊಹರು ಒತ್ತಿದಂತೆ. ಅದು ಆಗುವ ಮಾತಲ್ಲ ಎಂದು ರುಸ್ನಾನಿ ತೀರ್ಮಾನಿಸಿಬಿಟ್ಟಿದ್ದಳು.

"ನಿನಿ, ಸರಿಯಾಗಿ ನೆನಪು ಮಾಡ್ಕೊ," ಎಂದಳು ಅಜ್ಜಿಗೆ. "ನಿನ್ನೆ ಫೋನಲ್ಲಿ ಅಣ್ಣ ಏನಂದ?"

"ಎಂಟಕ್ಕೆ ಹೊರಡ್ತೀನಿ ಅಂದ. ನಂಗೇನು ಕಿವುಡಾ? ಎಂಟು ಅಂದ್ರೆ ಎಂಟು."

"ಎಂಟಕ್ಕೆ ಹೊರಟ್ರೆ ಒಂಬತ್ತೂ ಹತ್ತಕ್ಕೆ ಇಳೀಬೇಕು. ಅಲ್ಲಿಂದ ಮನೆಗೆ ಇಪ್ಪತ್ತು ನಿಮಿಷ. ಎಲ್ಲಿ ಮತ್ತೆ?"

"ನನ್ನ ಕೇಳಿದ್ರೆ? ವಿಮಾನದೋಳು ನೀನು."

ಮಾತು ನಿಜ. ನಮ್ಮ ವಿಮಾನ ನಿಲ್ದಾಣದ ಧ್ವನಿವರ್ಧಕದಲ್ಲಿ ಕೇಳಿಸುವ ದನಿ ರುಸ್ನಾನಿಯದೇ. ಸುರಬಾಯ ನಾನೂರ ತೊಂಬತ್ತು ಕಿಲೋಮೀಟರ್, ಸಮುದ್ರ ದಾಟಿ ಒಂದು ಗಂಟೆ ಹತ್ತು ನಿಮಿಷ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ದಿನಕ್ಕೆ ಹತ್ತು ಸಲ 'ವಿಳಂಬಕ್ಕಾಗಿ ವಿಷಾದಿಸುತ್ತೇವೆ' ಎಂದು ಊರಿಗೆಲ್ಲ ಕ್ಷಮೆ ಕೇಳಿ ಕೇಳಿ ಅವಳ ಗಂಟಲೇ ಸವೆದಿದೆ. ಆದರೆ ಮದುವೆಗೆ ಮುಂಚೆ ಹುಡುಗಿ ಹೊಸ್ತಿಲು ದಾಟಬಾರದೆಂದು ವಾರದಿಂದ ಮನೆಯಲ್ಲೇ ಕೂರಿಸಿ, ಫೋನನ್ನೂ ನಿನಿ ಸೆರಗಿಗೆ ಕಟ್ಟಿಕೊಂಡಿದ್ದಳು.

ರುಸ್ನಾನಿ ಕೈಚಾಚಿ ಫೋನ್ ಕಿತ್ತುಕೊಂಡಳು. ಅಣ್ಣನ ನಂಬರ್ ಸತ್ತು ಮಲಗಿತ್ತು. ನಿಲ್ದಾಣದಲ್ಲಿ ತನ್ನ ಜಾಗದಲ್ಲಿ ಕೂತಿದ್ದ ಗೆಳತಿ ಮಸ್ನಿಯಾಗೆ ಮಾಡಿದಳು.

"ಸುರಬಾಯದಿಂದ ಎಂಟಕ್ಕೆ ಹೊರಟಿದ್ದು ಇಳೀತೇನೇ?"

"ಇನ್ನೂ ಎಲ್ಲಿ? ಒಂಬತ್ತೂ ನಾಲ್ಕಕ್ಕೆ ಎದ್ದಿದೆ. ಹತ್ತೂ ಹನ್ನೆರಡಕ್ಕೆ ಇಳಿಯುತ್ತೆ. ನಿಮ್ಮಣ್ಣ ಅದರಲ್ಲೇ ಇದ್ದಾನೆ, ಪಟ್ಟಿ ನೋಡ್ದೆ. ಅಯ್ಯೋ ಮದುಮಗಳೇ, ಹೂವಿನ ಭಾರಕ್ಕೆ ತಲೆ ಕೆಟ್ಟು ಹೋಯ್ತಾ? ಅವರ ಎಂಟು ನಮಗೆ ಒಂಬತ್ತು ಕಣೇ!"

ರುಸ್ನಾನಿ ನಾಲಿಗೆ ಕಚ್ಚಿಕೊಂಡಳು. ಜಾವಾದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅವಳಿಗೆ ಗೊತ್ತಿಲ್ಲದ್ದೇ? ಆದರೆ ಜರ್ಕಸಿ ಹನ್ನೆರಡು ವರ್ಷದಲ್ಲಿ ಒಂದು ದಿನವೂ ನಿನಿಯ ಹತ್ತಿರ ಜಾವಾದ ಗಂಟೆ ಹೇಳಿದವನಲ್ಲ. ಅವನ ಕೋಣೆಯ ಗಡಿಯಾರ ಇವತ್ತಿಗೂ ಮಾರ್ತಾಪುರದ ಹೊತ್ತಿಗೇ ಓಡುತ್ತದೆ. 'ನಿನಿ, ಐದೂವರೆ ಆಯ್ತು, ನಮಾಜಿಗೆ ಏಳು' ಎಂದು ಅಲ್ಲಿಂದ ಇಲ್ಲಿಯ ಹೊತ್ತು ಹೇಳುವವನು. ಹಾಗಾಗಿ ಅವನು ಎಂಟು ಅಂದರೆ ನಮ್ಮ ಎಂಟೇ ಅಂತ ಮನೆಯವರೆಲ್ಲ ಕಣ್ಣು ಮುಚ್ಚಿ ನಂಬಿದರು. ಪುಣ್ಯಾತ್ಮ ಈ ಒಂದು ಸಲ ಟಿಕೆಟ್ ನೋಡಿಕೊಂಡು ಹೇಳಿದ್ದ. ಟಿಕೆಟ್ಟಿನ ಮೇಲೆ ಹೊರಡುವ ಊರಿನ ಗಂಟೆ ಇರುತ್ತದೆ.

ಹೊರಗೆ ಪಡಸಾಲೆಯಲ್ಲಿ ಪೆಂಗುಲು ಪಾಕ್ ಮುರ್ಜಾನಿ ಬಂದು ಕೂತಾಗಿತ್ತು. ಪೆಂಗುಲು ಅಂದರೆ ನಮ್ಮ ಕಡೆಯ ಮದುವೆಗಳನ್ನು ಓದಿಸಿ ಸರಕಾರದ ಪುಸ್ತಕದಲ್ಲಿ ದಾಖಲು ಮಾಡುವ ಅಧಿಕಾರಿ. ದಾರ ಕಟ್ಟಿದ ಕನ್ನಡಕ, ಕಡ್ಡಿಯಂಥ ಮೈ. ಹನ್ನೊಂದೂವರೆಗೆ ಪಕ್ಕದೂರಾದ ಅಸ್ತಂಬುಲ್‌ನಲ್ಲಿ ಇನ್ನೊಂದು ನಿಕಾಹ್ ಇದೆ ಎಂದು ಬಂದವರೇ ಹೇಳಿಬಿಟ್ಟಿದ್ದರು. ಪರದೆಯ ಸಂದಿಯಿಂದ ನೋಡಿದರೆ ವರ ಜುಮ್ರಾನ್ ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಅವನೆದುರು ವಲಿಗೆಂದು ಹಾಸಿದ್ದ ಮೆತ್ತೆಯ ಮೇಲೆ ಬಿಳಿ ಟೋಪಿ, ಹೊಸ ಸರೊಂಗು ತೊಟ್ಟು ಚಿಕ್ಕಪ್ಪ ಆಗಲೇ ಚಕ್ಕಂಬಕ್ಕಳ ಹಾಕಿದ್ದ.

"ಅವನು ಬರೋಲ್ಲ ಪಾಕ್," ಎನ್ನುತ್ತಿದ್ದ ಚಿಕ್ಕಪ್ಪ. "ನಂಗೆ ಮೊದಲೇ ಗೊತ್ತಿತ್ತು. ಊರು ಬಿಟ್ಟವನಿಗೆ ತಂಗಿ ಯಾರು, ಮದುವೆ ಯಾರದು? ನಾನಿದ್ದೀನಲ್ಲ, ಅವರಪ್ಪನ ಒಡಹುಟ್ಟಿದವನು. ಶುರು ಮಾಡಿ."

ರುಸ್ನಾನಿಗೆ ಮೈ ಉರಿದುಹೋಯಿತು. ಪರದೆ ಸರಿಸಿ ಹೊರಗೆ ಬಂದೇ ಬಿಟ್ಟಳು. ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ಅಂಗಳದಲ್ಲಿ ಹಾಡುತ್ತಿದ್ದವರ ತಮಟೆ ನಿಂತುಹೋಯಿತು. ತಗಡಿನ ಹೂಗಳು ಮಾತ್ರ ಅವಳ ತಲೆಯ ಮೇಲೆ ಜಲ್ಲೆನ್ನುತ್ತಿದ್ದವು.

"ಅಮಾಂಗ್," ಎಂದಳು. ನಮ್ಮಲ್ಲಿ ಚಿಕ್ಕಪ್ಪನನ್ನು ಕರೆಯುವುದೇ ಹಾಗೆ. "ಆ ಮೆತ್ತೆಯಿಂದ ಏಳಿ. ಅದು ಅಣ್ಣಂದು."

"ಏ ಹುಡುಗಿ! ನಿಕಾಹ್‌ಗೆ ಮುಂಚೆ ಹೊರಗೆ ಬಂದ್ಯಾ? ಮಾನ ಮರ್ಯಾದೆ ಇದೆಯಾ ಇಲ್ವಾ?"

"ಇದೆ. ಅದಕ್ಕೇ ಬಂದೆ. ಅಣ್ಣ ವಿಮಾನದಲ್ಲಿದ್ದಾನೆ, ಹತ್ತೂ ಹನ್ನೆರಡಕ್ಕೆ ಇಳೀತಾನೆ. ಎಂಟು ಅಂದಿದ್ದು ಸುರಬಾಯದ ಎಂಟು. ನಾವು ತಪ್ಪು ತಿಳ್ಕೊಂಡ್ವಿ."

"ಕೇಳಿದ್ರಾ ಪಾಕ್? ಈಗ ಗಡಿಯಾರದ ಮೇಲೆ ಹಾಕ್ತಾಳೆ."

ಪಾಕ್ ಮುರ್ಜಾನಿ ಕೆಮ್ಮಿದರು. "ಹಾಜಿ ಬಾಸಿರುನ್, ಅಣ್ಣ ಅನ್ನೋನು ಬದುಕಿದ್ದಾನೆ, ಬುದ್ಧಿ ನೆಟ್ಟಗಿದೆ, ಬರ್ತಾನೂ ಇದ್ದಾನೆ. ಅವನಿರೋವಾಗ ನಿಮ್ಮ ಸರದಿ ಬರೋಲ್ಲ."

"ಎರಡು ಮರ್ಹಲಾ ಆಚೆ ಇರೋ ವಲಿ ಇಲ್ಲದ ಹಾಗೇ ಅಂತ ಹೋದ ಶುಕ್ರವಾರ ನೀವೇ ಪಾಠ ಮಾಡ್ಲಿಲ್ವಾ?"

"ಮಾಡ್ದೆ. ನೀವು ಪೂರ್ತಿ ಕೇಳಿಸ್ಕೊಂಡು ಎದ್ದು ಹೋಗಬೇಕಿತ್ತು. ಎರಡು ಮರ್ಹಲಾ ಆಚೆ ಇದ್ರೆ ಸರದಿ ಬರೋದು ಪೆಂಗುಲುಗೆ. ಅಂದ್ರೆ ನನಗೆ. ನಿಮಗಂತೂ ಹೇಗೂ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಅವನು ಅಷ್ಟಕ್ಕೆ ಬಗ್ಗುವ ಆಸಾಮಿಯಲ್ಲ. ಮೆತ್ತೆಯಿಂದ ಎದ್ದ, ಸರೊಂಗು ಕೊಡವಿಕೊಂಡ.

"ಹಾಗಾದ್ರೆ ನೀವೇ ಮಾಡಿಕೊಡಿ. ಪುಸ್ತಕದಲ್ಲಿ 'ವಲಿ ಗೈರುಹಾಜರು' ಅಂತ ಬರೀರಿ. ನಂಗದೇ ಸಾಕು."

ಚಿಕ್ಕಪ್ಪ ಕೂತು ಮಾಡಿಕೊಡುವುದಕ್ಕಿಂತ ಇದು ಕೆಟ್ಟದ್ದು. ಹನ್ನೆರಡು ವರ್ಷ ಅವನು ಬಾಯಲ್ಲಿ ಆಡಿದ ಸುಳ್ಳನ್ನು ಸರಕಾರವೇ ಶಾಯಿಯಲ್ಲಿ ಬರೆದುಕೊಟ್ಟಂತಾಗುತ್ತದೆ. ಪಾಕ್ ಮುರ್ಜಾನಿ ಗೋಡೆ ಗಡಿಯಾರ ನೋಡಿದರು. ಲೇಖನಿಯ ಟೋಪಿ ತೆಗೆದರು.

"ನೋಡು ಮಗಳೇ, ಸುರಬಾಯ ಎರಡು ಮರ್ಹಲಾ ಏನು ಬಂತು, ಹನ್ನೊಂದು ಮರ್ಹಲಾ ಆಗುತ್ತೆ. ನಾನು ಮಾಡಿಕೊಟ್ರೆ ಮದುವೆಗೇನೂ ಕೊರತೆಯಿಲ್ಲ. ನಂಗೂ ಹೊತ್ತಾಗ್ತಿದೆ."

"ಒಂದು ಮಾತು ಕೇಳ್ಲಾ ಪಾಕ್? ಎರಡು ಮರ್ಹಲಾ ಅಂದ್ರೆ ಎಷ್ಟು?"

"ಹೊರೆ ಹೊತ್ತ ಒಂಟೆ ಎರಡು ದಿನ ನಡೆಯೋ ದೂರ. ಈಗಿನ ಲೆಕ್ಕದಲ್ಲಿ ತೊಂಬತ್ತು ಕಿಲೋಮೀಟರ್ ಅಂದ್ಕೊ."

"ಮಾರ್ತಾಪುರದಲ್ಲಿ ಒಂಟೆ ನೋಡಿದವರು ಯಾರಿದ್ದಾರೆ? ಹೋಗ್ಲಿ ಬಿಡಿ. ಆ ದೂರ ಅಳೆಯೋದು ಅವನ ಊರಿಂದಲಾ, ಅವನಿರೋ ಜಾಗದಿಂದಲಾ?"

ಪಾಕ್ ಮುರ್ಜಾನಿ ಕನ್ನಡಕ ತೆಗೆದರು. ಪ್ರಶ್ನೆ ಅವರಿಗೆ ಎಲ್ಲೋ ತಾಗಿತು. "ಅವನಿರೋ ಜಾಗದಿಂದ," ಎಂದರು ನಿಧಾನವಾಗಿ.

"ಹಾಗಾದ್ರೆ ಕೇಳಿ. ಅಣ್ಣ ಸುರಬಾಯದಲ್ಲಿಲ್ಲ. ಒಂಬತ್ತೂ ನಾಲ್ಕಕ್ಕೆ ಅಲ್ಲಿಂದ ಎದ್ದ. ಈಗ ಸರಿಯಾಗಿ ಹತ್ತು. ಐವತ್ತಾರು ನಿಮಿಷ ಹಾರಿದ್ದಾನೆ, ಉಳಿದಿರೋದು ಹನ್ನೆರಡು. ಸಮುದ್ರ ದಾಟಿ ಆಗಿದೆ, ಬರಿತೋ ನದಿಯ ಹತ್ತಿರ ವಿಮಾನ ಕೆಳಗಿಳಿಯೋಕೆ ಶುರು ಮಾಡಿದೆ. ಇಲ್ಲಿಗೆ ಎಪ್ಪತ್ತು ಕಿಲೋಮೀಟರ್ ಇದ್ರೆ ಹೆಚ್ಚು. ನನ್ನ ವಲಿ ಎರಡು ಮರ್ಹಲಾ ಒಳಗೆ ಬಂದಾಗಿದೆ ಪಾಕ್. ಗೈರುಹಾಜರು ಅಂತ ನೀವು ಬರೆದ್ರೆ ಅದು ಸುಳ್ಳಾಗುತ್ತೆ."

ಪಾಕ್ ಮುರ್ಜಾನಿಯ ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದರು. ಆಮೇಲೆ ಭುಜ ಕುಲುಕಿಸಿ ನಗತೊಡಗಿದರು.

"ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಒಂಟೆ ಮೇಲಿನ ವಲಿ ಬಗ್ಗೆ ಓದಿದ್ದೀನಿ, ಹಡಗಲ್ಲಿರೋ ವಲಿ ಬಗ್ಗೆ ಓದಿದ್ದೀನಿ. ಆಕಾಶದಲ್ಲಿ ಗೆರೆ ದಾಟಿ ಒಳಗೆ ಬಂದ ವಲಿ ಇವನೇ ಮೊದಲು!" ಲೇಖನಿಗೆ ಟೋಪಿ ಹಾಕಿದರು. "ಹತ್ತೂ ಐವತ್ತರ ತನಕ ಕಾಯ್ತೀನಿ. ಅದರ ಮೇಲೆ ಒಂದು ನಿಮಿಷ ಕೇಳ್ಬೇಡ. ಅಸ್ತಂಬುಲ್‌ನಲ್ಲೂ ಒಬ್ಬಳು ನಿನ್ನ ಹಾಗೇ ತಲೆ ತುಂಬ ಹೂ ಹೊತ್ತು ಕೂತಿರ್ತಾಳೆ."

"ಅಷ್ಟಕ್ಕೆಲ್ಲ ಯಾಕೆ?" ಚಿಕ್ಕಪ್ಪ ಬಿಡಲಿಲ್ಲ. "ಇಳಿದ ತಕ್ಷಣ ಫೋನ್ ಮಾಡ್ಲಿ, 'ಪೆಂಗುಲುಗೆ ಒಪ್ಪಿಸಿದ್ದೀನಿ' ಅಂತ ಒಂದು ಮಾತು ಹೇಳ್ಲಿ. ಅದಕ್ಕೂ ಅವಕಾಶ ಇದೆಯಲ್ಲ ಪಾಕ್?"

"ಇದೆ," ಎಂದು ಪಾಕ್ ಮುರ್ಜಾನಿ ಒಪ್ಪಿಕೊಳ್ಳಬೇಕಾಯಿತು.

"ಬೇಡ!" ರುಸ್ನಾನಿಯ ದನಿ ಅಂಗಳದಾಚೆಗೂ ಕೇಳಿಸಿತು. "ಹನ್ನೆರಡು ವರ್ಷ ಅಣ್ಣ ನಂಗೆ ಬರೀ ಫೋನಲ್ಲೇ ಇದ್ದ. ಹಬ್ಬಕ್ಕೆ ಫೋನು, ಅಮ್ಮ ಸತ್ತ ದಿನ ಫೋನು. ಅಮ್ಮನ್ನ ಮಣ್ಣು ಮಾಡುವಾಗ ನೀವು ಗೇಟಿಗೆ ಬೀಗ ಹಾಕ್ಸಿದ್ರಿ ಅಮಾಂಗ್, ಅವನು ಬಂದು ಓಣಿ ತುದಿಯಿಂದ ವಾಪಸ್ ಹೋದ. ನಾನು ಮರೆತಿಲ್ಲ. ಇವತ್ತು ನಂಗೆ ಅವನ ಕೈ ಬೇಕು. ಮಾತು ಸಾಕಾಗಿದೆ."

ಜುಮ್ರಾನ್ ಶಾಲೆ ಮೇಷ್ಟ್ರು, ನಾಲ್ಕು ಜನರ ಮುಂದೆ ಮಾತಾಡುವುದಕ್ಕೆ ಹೆದರುವ ಪೈಕಿ. ಅವನೂ ತಲೆ ಎತ್ತಿ, "ನಾನೂ ಕಾಯ್ತೀನಿ," ಎಂದ. ಅಷ್ಟಂದು ಮತ್ತೆ ಬೆವರು ಒರೆಸಿಕೊಂಡ. ಆ ಗಳಿಗೆಯಲ್ಲಿ ರುಸ್ನಾನಿಗೆ ಅವನ ಮೇಲೆ ಇದ್ದ ಪ್ರೀತಿ ಇಮ್ಮಡಿಯಾಯಿತು.

"ಸರಿ, ಕಾಯಿರಿ," ಎಂದು ಚಿಕ್ಕಪ್ಪ ಹಲ್ಲು ಕಡಿದ. "ಮುನ್ನೂರು ಜನ ಅತಿಥಿಗಳು ಕೂತಿದ್ದಾರೆ. ಅವರ ಹತ್ರ ಕ್ಷಮೆಯಾದ್ರೂ ಕೇಳು. ಅದೇ ತಾನೇ ನಿನ್ನ ಉದ್ಯೋಗ?"

ಇದನ್ನು ಅವನು ಆಡಬಾರದಿತ್ತು. ರುಸ್ನಾನಿ ಹಾಡುವವರ ಮೈಕನ್ನು ತರಿಸಿಕೊಂಡಳು. ಎರಡು ಸಲ ಬೆರಳಿನಿಂದ ತಟ್ಟಿದಳು. ಆಮೇಲೆ ಜಿಲ್ಲೆಗೆಲ್ಲ ಗುರುತಿರುವ ಆ ಸಕ್ಕರೆ ದನಿಯಲ್ಲಿ ಹೇಳಿದಳು: "ಅತಿಥಿಗಳ ಗಮನಕ್ಕೆ. ಸುರಬಾಯದಿಂದ ಬರುತ್ತಿರುವ ಮದುಮಗಳ ಅಣ್ಣ, ದಿವಂಗತ ಮಸ್ರಾನಿಯವರ ಮಗ ಜರ್ಕಸಿ, ಕೆಲವೇ ನಿಮಿಷಗಳಲ್ಲಿ ಇಳಿಯಲಿದ್ದಾರೆ. ವಿಳಂಬಕ್ಕಾಗಿ ನಾವು ವಿಷಾದಿಸುವುದಿಲ್ಲ. ಹಳದಿ ಅನ್ನ, ಕೆಂಪು ಸಾರಿನ ಮೀನು ಬಿಸಿಯಾಗಿದೆ. ದಯವಿಟ್ಟು ಊಟ ಶುರು ಮಾಡಿ."

ಅಂಗಳ ಗೊಳ್ಳೆಂದಿತು. ನಿಕಾಹ್‌ಗೆ ಮುಂಚೆ ಊಟ ಬಡಿಸಿದ್ದು ನಮ್ಮ ಓಣಿಯಲ್ಲಿ ಅದೇ ಮೊದಲು. ಅಡುಗೆಯ ಹೆಂಗಸರು ಗೊಣಗುತ್ತಲೇ ತಟ್ಟೆ ಹಂಚಿದರು.

ಹತ್ತೂ ಹತ್ತಕ್ಕೆ ಗಾಳಿ ನಡುಗಿತು. ಪಡುವಣ ಗಾಳಿ ಬೀಸುವ ದಿನ ವಿಮಾನಗಳು ಮಾರ್ತಾಪುರವನ್ನು ಸುತ್ತಿಕೊಂಡು ನಮ್ಮ ತಲೆ ಮೇಲಿಂದಲೇ ಇಳಿಯುತ್ತವೆ. ಮುನ್ನೂರು ಜನ ಕೈಯ ತುತ್ತು ಹಾಗೇ ಹಿಡಿದು ಕತ್ತೆತ್ತಿದರು. ಚಕ್ರ ಇಳಿಬಿಟ್ಟುಕೊಂಡು ವಿಮಾನ ತೆಂಗಿನ ಗರಿಗಳ ಮೇಲೆ ಹಾದುಹೋಯಿತು.

"ಅಗೋ, ನಮ್ಮ ವಲಿ!" ಪಾಕ್ ಮುರ್ಜಾನಿ ಮಗುವಿನ ಹಾಗೆ ಕೈ ತೋರಿಸಿದರು.

"ಮನೆ ಮೇಲೆ ಹಾರಿದ್ರೆ ಮನೆಗೆ ಬಂದ ಹಾಗಾ?" ಎಂದ ಚಿಕ್ಕಪ್ಪ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ವಿಮಾನ ಇಳಿದದ್ದಷ್ಟೇ ಸಲೀಸು. ಸಮುದ್ರವನ್ನು ಒಂದು ಗಂಟೆಯಲ್ಲಿ ದಾಟಿದವನು ನಿಲ್ದಾಣದಿಂದ ಮನೆಗೆ ಬರುವ ರಸ್ತೆಯಲ್ಲಿ ಸಿಕ್ಕಿಬಿದ್ದ. ಹತ್ತೂ ಇಪ್ಪತ್ತೆರಡಕ್ಕೆ ಫೋನ್ ಮಾಡಿ 'ಹೊರಟೆ' ಅಂದ. ಹತ್ತೂ ಮೂವತ್ತೆಂಟಕ್ಕೆ, ಸಂತೆಯ ಮುಂದೆ ಲಾರಿ ಅಡ್ಡ ನಿಂತಿದೆ ಅಂದ. "ಕಾರಿಂದ ಇಳಿ! ಬೈಕ್ ಹಿಡಿ! ಓಡು!" ಎಂದು ರುಸ್ನಾನಿ ಕಿರುಚಿದಳು. ಹತ್ತೂ ನಲವತ್ತೈದಕ್ಕೆ ಪಾಕ್ ಮುರ್ಜಾನಿ ಪುಸ್ತಕ ತೆರೆದು ಲೇಖನಿ ಕೈಗೆ ತೆಗೆದುಕೊಂಡರು. ಅವರ ಮುಖದಲ್ಲಿ ನಗು ಇರಲಿಲ್ಲ. ಚಿಕ್ಕಪ್ಪ ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತ. ರುಸ್ನಾನಿಗೆ ಅಳು ಬರುತ್ತಿತ್ತು, ಚಿಕ್ಕಪ್ಪನ ಮುಂದೆ ಅಳುವುದಿಲ್ಲ ಎಂದು ತುಟಿ ಕಚ್ಚಿ ಹಿಡಿದಳು.

ಹತ್ತೂ ನಲವತ್ತೇಳಕ್ಕೆ ಬಾಡಿಗೆ ಬೈಕೊಂದು ಕೋಳಿಗಳನ್ನು ಚೆದುರಿಸುತ್ತ ಅಂಗಳಕ್ಕೆ ನುಗ್ಗಿತು. ಹಿಂದೆ ಕೂತಿದ್ದವನು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಇಳಿದು ಓಡಿಬಂದ. ಬಂದವನು ಮೆಟ್ಟಿಲ ಬುಡದಲ್ಲಿ ಚಿಕ್ಕಪ್ಪನನ್ನು ನೋಡಿ ಗಕ್ಕನೆ ನಿಂತುಬಿಟ್ಟ. ಮೂವತ್ತೊಂದರ ಗಂಡಸು, ಹಡಗಿನ ಪೆಟ್ಟಿಗೆಗಳನ್ನು ಆಟಿಕೆಯ ಹಾಗೆ ಎತ್ತಿಡುವವನು. ಹತ್ತೊಂಬತ್ತರ ಹುಡುಗನ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ.

"ಅಮಾಂಗ್..."

"ಈ ಮನೇಲಿ ಗಂಡುಮಗ ಅಂತ..." ಎಂದು ಚಿಕ್ಕಪ್ಪ ಶುರುಮಾಡಿದ.

ಅದು ಮುಗಿಯಲಿಲ್ಲ. ರುಸ್ನಾನಿ ಎರಡೂ ಕೈಯಲ್ಲಿ ಹಳದಿ ರೇಷ್ಮೆ ಎತ್ತಿಹಿಡಿದು ಮೆಟ್ಟಿಲಿಳಿದಳು. ಅಣ್ಣನ ಮುಂಗೈ ಹಿಡಿದಳು. ಚಿಕ್ಕಪ್ಪನ ಪಕ್ಕದಿಂದಲೇ, ಅವನ ಹೊಸ ಸರೊಂಗಿಗೆ ಮೈ ತಾಗಿಸಿಕೊಂಡೇ, ಅಣ್ಣನನ್ನು ಎಳೆದುಕೊಂಡು ಹೊಸ್ತಿಲು ದಾಟಿದಳು.

"ಎಂಟು ಅಂತ ಹೇಳಿದ್ನಲ್ಲೇ!" ಜರ್ಕಸಿ ಏದುಸಿರು ಬಿಡುತ್ತ ಅಂದ.

"ಯಾರ ಎಂಟೋ ದರಿದ್ರದವನೇ? ಹನ್ನೆರಡು ವರ್ಷ ನಮ್ಮ ಗಂಟೆ ಹೇಳ್ದೋನಿಗೆ ಇವತ್ತೇನಾಗಿತ್ತು? ಕೂತ್ಕೊ. ಬೈಯೋದು ಆಮೇಲೆ. ಮೊದಲು ಆ ಹೆಲ್ಮೆಟ್ ತೆಗಿ."

ನಿನಿ ಬಂದು ಹೆಲ್ಮೆಟ್ ತೆಗೆದು, ಮೊಮ್ಮಗನ ಕೆನ್ನೆ ಸವರಿ, ತಲೆಗೆ ಕಪ್ಪು ಟೋಪಿ ಇಟ್ಟಳು. ಜರ್ಕಸಿ ವಲಿಯ ಮೆತ್ತೆಯ ಮೇಲೆ ಕೂತ. ಪಾಕ್ ಮುರ್ಜಾನಿ ಗಡಿಯಾರ ನೋಡದೆ ಕೇಳಿದರು, "ಸಾಕ್ಷಿಗಳು ಎಲ್ಲಿ? ವರನ ಕಡೆಯವರು ಒಬ್ರು ಇದ್ದಾರೆ. ಹುಡುಗಿ ಕಡೆಯಿಂದ?"

ಪಕ್ಕದ ಮನೆಯವರು ಏಳಲಿದ್ದರು. ರುಸ್ನಾನಿ ಕೈಸನ್ನೆಯಿಂದ ತಡೆದಳು. ಪರದೆಯ ಹಿಂದೆ ಹೋಗುವ ಮುನ್ನ ಬಾಗಿಲ ಕಡೆ ತಿರುಗಿದಳು.

"ಸಾಕ್ಷಿ ನೀವೇ ಆಗ್ಬೇಕು ಅಮಾಂಗ್. ಅಪ್ಪನ ಒಡಹುಟ್ಟಿದವರು ಅಂದ್ರಲ್ಲ. ಬನ್ನಿ, ಕೂತ್ಕೊಳ್ಳಿ."

ಚಿಕ್ಕಪ್ಪ ಅತ್ತಿತ್ತ ನೋಡಿದ. ಮುನ್ನೂರು ಜೊತೆ ಕಣ್ಣು ಅವನ ಮೇಲೆ. ಬರೋಲ್ಲ ಅಂದರೆ ಊರಿನಲ್ಲಿ ಮುಖ ಎತ್ತಿಕೊಂಡು ತಿರುಗುವಂತಿಲ್ಲ. ಕಾಲೆಳೆದುಕೊಂಡು ಬಂದು ಕೂತ.

ಜರ್ಕಸಿ ಜುಮ್ರಾನನ ಕೈ ಹಿಡಿದ. ಗಂಟಲು ಸರಿಮಾಡಿಕೊಂಡ. "ಮಸ್ರಾನಿಯವರ ಮಗಳು, ನನ್ನ ತಂಗಿ ರುಸ್ನಾನಿಯನ್ನು, ಒಪ್ಪಿದ ಮಹರಿಗೆ, ನಿನಗೆ ಮದುವೆ ಮಾಡಿಕೊಟ್ಟಿದ್ದೇನೆ." ಜುಮ್ರಾನ್ ಒಂದೇ ಉಸಿರಿಗೆ ಒಪ್ಪಿಕೊಂಡ. ಪಾಕ್ ಮುರ್ಜಾನಿ ಸಾಕ್ಷಿಗಳ ಕಡೆ ನೋಡಿದರು. ಕೊಟ್ಟವನು ಸರಿಯಾದವನು, ಕೊಟ್ಟದ್ದು ಸಿಂಧು ಎಂದು ಸಾಕ್ಷಿಗಳು ಒಪ್ಪಿದರೆ 'ಸಾಹ್' ಅನ್ನಬೇಕು. ವರನ ಕಡೆಯವನು ಗಟ್ಟಿಯಾಗಿ ಅಂದ. ಚಿಕ್ಕಪ್ಪ ನೆಲ ನೋಡುತ್ತ ಗಡ್ಡದೊಳಗೇ ಏನೋ ಗೊಣಗಿದ. ಪಾಕ್ ಮುರ್ಜಾನಿಗೆ ಅಷ್ಟು ಸಾಕಾಗಿತ್ತು, ಪುಸ್ತಕದತ್ತ ಬಾಗಿದರು.

"ಕೇಳಿಸಲಿಲ್ಲ ಅಮಾಂಗ್," ಪರದೆಯ ಹಿಂದಿನಿಂದ ರುಸ್ನಾನಿ ಅಂದಳು.

ಲೇಖನಿ ನಿಂತಿತು. ಚಿಕ್ಕಪ್ಪ ತಲೆ ಎತ್ತಿದ. ಎದುರಿಗೆ ಜರ್ಕಸಿ ಕೂತಿದ್ದ, ಅಪ್ಪನದೇ ಹಣೆ, ಅಪ್ಪನದೇ ಮೂಗು.

"ಸಾಹ್!" ಎಂದ ಹಾಜಿ ಬಾಸಿರುನ್.

ಈ ಸಲ ಅದು ಓಣಿಗೆಲ್ಲ ಕೇಳಿಸಿತು.